ಜಾಮೀನು ಸಿಕ್ಕರೂ ಜೈಲಿನಲ್ಲೇ: ಮಹಿಳಾ ಕೈದಿಗಳ ಸಂಖ್ಯೆ ಏರಿದ್ದು ಹೇಗೆ?

2000ನೇ ಇಸವಿಯಲ್ಲಿ ಭಾರತದ ಜೈಲುಗಳಲ್ಲಿ 9,089 ಹೆಂಗಸರಿದ್ದರು. 2022ರ ಡಿಸೆಂಬರ್ 31ಕ್ಕೆ ಆ ಸಂಖ್ಯೆ 23,772 ಆಗಿತ್ತು, ಅಂದರೆ ಎರಡೂವರೆ ಪಟ್ಟಿಗೂ ಹೆಚ್ಚು. ಇದೇ ಅವಧಿಯಲ್ಲಿ ಗಂಡು ಕೈದಿಗಳ ಸಂಖ್ಯೆಯೂ ಏರಿದೆ, ಆದರೆ ಸುಮಾರು ಎರಡು ಪಟ್ಟು ಮಾತ್ರ. ಒಟ್ಟು ಕೈದಿಗಳಲ್ಲಿ ಹೆಂಗಸರ ಪಾಲು ಶೇ 3.3ರಿಂದ ಶೇ 4.1ಕ್ಕೆ ಬಂದಿದೆ. ನೂರಕ್ಕೆ ನಾಲ್ವರು ತಾನೇ ಎಂದು ಜೈಲು ಕಟ್ಟುವವರೂ ಬಜೆಟ್ ಬರೆಯುವವರೂ ಪಕ್ಕಕ್ಕಿಡುವುದರಿಂದ ಈ ಏರಿಕೆ ಚರ್ಚೆಗೇ ಬರುವುದಿಲ್ಲ. ಬಂದಾಗಲೂ 'ಈಗಿನ ಹೆಂಗಸರೂ ಅಪರಾಧದಲ್ಲಿ ಹಿಂದೆ ಬಿದ್ದಿಲ್ಲ' ಎಂಬ ಒಂದು ಷರಾ ಬರೆದು ಮುಗಿಸುತ್ತಾರೆ.

ಆ ಷರಾ ಎಷ್ಟು ನಿಜ ಎಂದು ನೋಡಲು ಒಂದು ಸಣ್ಣ ಲೆಕ್ಕ ಸಾಕು. 2015ರಲ್ಲಿ ಜೈಲಿನಲ್ಲಿದ್ದ ಮಹಿಳೆಯರು 17,834, ಅವರಲ್ಲಿ ವಿಚಾರಣಾ ಬಂದಿಗಳು 11,916. 2022ರಲ್ಲಿ ಇದ್ದವರು 23,772, ಅವರಲ್ಲಿ ವಿಚಾರಣಾ ಬಂದಿಗಳು 18,146. ಏಳು ವರ್ಷದಲ್ಲಿ ಒಟ್ಟು ಸಂಖ್ಯೆ 5,938 ಏರಿದೆ, ವಿಚಾರಣಾ ಬಂದಿಗಳ ಸಂಖ್ಯೆ 6,230 ಏರಿದೆ. ಶಿಕ್ಷೆ ಅನುಭವಿಸುತ್ತಿರುವವರೂ ಇತರರೂ ಸೇರಿ ಸುಮಾರು 300ರಷ್ಟು ಕಡಿಮೆಯೇ ಆಗಿದ್ದಾರೆ. ಅಪರಾಧ ಸಾಬೀತಾಗಿ ಒಳಗಿರುವ ಹೆಂಗಸರ ಸಂಖ್ಯೆ ಹೆಚ್ಚಿಲ್ಲ. ಏರಿಕೆಯೆಲ್ಲ ತೀರ್ಪಿಗೆ ಕಾಯುತ್ತಾ ಕೂತವರದ್ದು.

ಗಂಡಸರ ಪರಿಸ್ಥಿತಿಯೂ ಬೇರೆಯೇನಲ್ಲ. 2022ರಲ್ಲಿ ಒಟ್ಟು ಕೈದಿಗಳಲ್ಲಿ ಶೇ 75.8 ಮಂದಿ ವಿಚಾರಣಾಧೀನರು, ಹೆಂಗಸರಲ್ಲಿ ಶೇ 76.3. ವಿಚಿತ್ರ ಇರುವುದು ಇಲ್ಲೇ. ಜಾಮೀನಿನ ಕಾನೂನು ಹೆಂಗಸರಿಗೆ ವಿಶೇಷ ರಿಯಾಯಿತಿ ಕೊಟ್ಟಿದೆ. ಹೆಂಗಸರಿಗೆ ವಕೀಲರನ್ನು ಉಚಿತವಾಗಿ ಒದಗಿಸಬೇಕು ಎಂಬ ಕಾನೂನೂ ಇದೆ. ಅಷ್ಟಿದ್ದೂ ಅನುಪಾತ ಗಂಡಸರದ್ದಕ್ಕಿಂತ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ. ರಿಯಾಯಿತಿ ಎಲ್ಲಿ ಸೋರಿಹೋಗುತ್ತದೆ ಎಂಬುದೇ ಈ ಲೇಖನದ ವಿಷಯ.

ಮುಂದೆ ಹೋಗುವ ಮುನ್ನ ಅಂಕಿಅಂಶದ ಬಗ್ಗೆ ಒಂದು ಎಚ್ಚರಿಕೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಕೊಡುವ ಈ ಸಂಖ್ಯೆ ವರ್ಷದ ಕೊನೆಯ ದಿನ ಜೈಲಿನಲ್ಲಿ ಎಷ್ಟು ತಲೆ ಇದ್ದವು ಎಂಬ ಎಣಿಕೆ. ಮಾರ್ಚ್‌ನಲ್ಲಿ ಒಳಗೆ ಬಂದು ಏಪ್ರಿಲ್‌ನಲ್ಲಿ ಹೊರಗೆ ಹೋದವಳು ಇದರಲ್ಲಿ ಸಿಗುವುದಿಲ್ಲ. ಹಾಗಾಗಿ ಎಣಿಕೆ ಏರಲು ಎರಡು ದಾರಿಗಳಿವೆ: ಹೆಚ್ಚು ಜನ ಒಳಗೆ ಬರಬೇಕು, ಇಲ್ಲವೇ ಬಂದವರು ಹೆಚ್ಚು ದಿನ ಉಳಿಯಬೇಕು. ಅಪರಾಧದ ಚರ್ಚೆ ಯಾವಾಗಲೂ ಮೊದಲನೆಯದರ ಸುತ್ತ ನಡೆಯುತ್ತದೆ. ನಮ್ಮಲ್ಲಿ ಹೆಚ್ಚು ಕೆಲಸ ಮಾಡುತ್ತಿರುವುದು ಎರಡನೆಯದು.

ಹೊರದೇಶಗಳ ಕತೆ

ಜಗತ್ತಿನಾದ್ಯಂತ 2022ರ ಎಣಿಕೆಯಂತೆ 7 ಲಕ್ಷ 40 ಸಾವಿರಕ್ಕೂ ಹೆಚ್ಚು ಹೆಂಗಸರು ಮತ್ತು ಹೆಣ್ಣುಮಕ್ಕಳು ಸೆರೆಯಲ್ಲಿದ್ದರು. 2000ದಿಂದ ಈಚೆಗೆ ಸುಮಾರು ಶೇ 60ರಷ್ಟು ಏರಿಕೆ, ಗಂಡಸರ ಏರಿಕೆಗಿಂತ ಬಹಳ ಹೆಚ್ಚು. ಇದಕ್ಕೆ ದಾರಿ ಹಾಕಿದ್ದು ಅಮೆರಿಕ. ಅಲ್ಲಿ 1980ರಲ್ಲಿ ಸುಮಾರು 26 ಸಾವಿರ ಇದ್ದ ಮಹಿಳಾ ಕೈದಿಗಳು 2019ಕ್ಕೆ 2 ಲಕ್ಷ 22 ಸಾವಿರ ದಾಟಿದರು. 1986ರ ಮಾದಕವಸ್ತು ಕಾನೂನು ತೂಕಕ್ಕೆ ತಕ್ಕಂತೆ ಕನಿಷ್ಠ ಶಿಕ್ಷೆ ನಿಗದಿ ಮಾಡಿತು. ಎರಡು ವರ್ಷದ ನಂತರದ ತಿದ್ದುಪಡಿ ಅದನ್ನು ಒಳಸಂಚಿನ ಆರೋಪಕ್ಕೂ ವಿಸ್ತರಿಸಿತು. ಪರಿಣಾಮವಾಗಿ, ಮಾರಾಟಗಾರನ ಫೋನ್ ಎತ್ತಿದವಳು, ಕಾರು ಓಡಿಸಿದವಳು, ಒಂದೇ ಮನೆಯಲ್ಲಿ ವಾಸವಿದ್ದವಳು ಕೂಡ ಇಡೀ ಗುಂಪು ಸಾಗಿಸಿದ ತೂಕಕ್ಕೆ ಹೊಣೆಯಾದಳು. ಕೆಂಬಾ ಸ್ಮಿತ್ ಎಂಬ ಕಾಲೇಜು ವಿದ್ಯಾರ್ಥಿನಿಗೆ ಹೀಗೆ ಇಪ್ಪತ್ನಾಲ್ಕೂವರೆ ವರ್ಷದ ಶಿಕ್ಷೆಯಾಯಿತು. 2000ದ ಡಿಸೆಂಬರ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಅದನ್ನು ಮೊಟಕುಗೊಳಿಸಿದರು. ದೊಡ್ಡ ವ್ಯಾಪಾರಿ ತನಗೆ ಗೊತ್ತಿರುವ ಹೆಸರುಗಳನ್ನು ಸರ್ಕಾರಕ್ಕೆ ಕೊಟ್ಟು ಶಿಕ್ಷೆ ಇಳಿಸಿಕೊಳ್ಳಬಹುದಿತ್ತು. ಜೊತೆಗಿದ್ದವಳ ಬಳಿ ಕೊಡಲು ಹೆಸರುಗಳೇ ಇರುತ್ತಿರಲಿಲ್ಲ.

ಬ್ರೆಜಿಲ್‌ನಲ್ಲೂ 2006ರ ಮಾದಕವಸ್ತು ಕಾನೂನಿನ ನಂತರ ಮಹಿಳಾ ಜೈಲುಗಳು ತುಂಬಿದವು. ಆದರೆ 2018ರ ಫೆಬ್ರುವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಂದು ಸಾಮೂಹಿಕ ಹೇಬಿಯಸ್ ಕಾರ್ಪಸ್ (ಬಂಧನವನ್ನು ಪ್ರಶ್ನಿಸುವ) ಅರ್ಜಿಯಲ್ಲಿ ಗರ್ಭಿಣಿಯರು ಮತ್ತು 12 ವರ್ಷದೊಳಗಿನ ಮಕ್ಕಳ ತಾಯಂದಿರಾದ ವಿಚಾರಣಾಧೀನರನ್ನು ಗೃಹಬಂಧನಕ್ಕೆ ಬದಲಾಯಿಸಲು ಆದೇಶಿಸಿತು. ಹಿಂಸೆ, ಬೆದರಿಕೆಯ ಅಪರಾಧಗಳನ್ನು ಹೊರಗಿಟ್ಟಿತು. ಒಬ್ಬೊಬ್ಬಳೂ ಬೇರೆ ಬೇರೆ ವಕೀಲರನ್ನು ಹಿಡಿದು ಬೇರೆ ಬೇರೆ ಅರ್ಜಿ ಹಾಕಬೇಕಿಲ್ಲ ಎನ್ನುವುದೇ ಆ ಆದೇಶದ ಜಾಣತನ. ನಮ್ಮಲ್ಲಿ ಅಂಥ ಯೋಚನೆ ಇನ್ನೂ ಶುರುವಾಗಿಲ್ಲ.

ಯಾವ ಕೇಸಿನಲ್ಲಿ ಒಳಗೆ ಹೋಗುತ್ತಾರೆ?

ಕೊಲೆ, ವರದಕ್ಷಿಣೆ ಸಾವು, ಗಾಂಜಾ ಮತ್ತಿತರ ಮಾದಕವಸ್ತು, ಕಳ್ಳತನ. ಜೈಲಿನ ಹೆಂಗಸರ ಬ್ಯಾರಕ್ಕಿನಲ್ಲಿ ಬಹುಪಾಲು ಈ ನಾಲ್ಕು ಬಗೆಯ ಕೇಸುಗಳೇ. ಒಂದೊಂದರಲ್ಲೂ ಹೊರಬರುವ ಬಾಗಿಲು ಒಂದೊಂದು ರೀತಿಯಲ್ಲಿ ಕಟ್ಟಿಕೊಳ್ಳುತ್ತದೆ.

ವರದಕ್ಷಿಣೆ ಸಾವನ್ನು ಮೊದಲು ನೋಡೋಣ. ಮದುವೆಯಾದ ಏಳು ವರ್ಷದೊಳಗೆ ಅಸಹಜ ಸಾವು, ಅದಕ್ಕೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಕಿರುಕುಳ ಇತ್ತೆಂದು ತೋರಿದರೆ ಸಾಕು, ಮಿಕ್ಕದ್ದನ್ನು ನ್ಯಾಯಾಲಯ ಪೂರ್ವಭಾವಿಸುತ್ತದೆ. ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ಇಂಥ ಕಾನೂನು ಬೇಕೇ ಬೇಕಿತ್ತು, ಸಾಯುತ್ತಿದ್ದವರೂ ಹೆಂಗಸರೇ. ಆದರೆ ದೂರಿನಲ್ಲಿ ಗಂಡನ ಜೊತೆ ಅತ್ತೆ, ನಾದಿನಿ, ಮೈದುನನ ಹೆಂಡತಿ, ಎಲ್ಲರ ಹೆಸರೂ ಬರುತ್ತದೆ. ಕಿರುಕುಳ ಕೊಟ್ಟವರೂ ಕೊಡದವರೂ ಒಟ್ಟಿಗೆ ಒಳಗೆ ಹೋಗುತ್ತಾರೆ. ಯಾರು ಯಾವುದು ಎಂದು ಬೇರ್ಪಡುವುದು ವಿಚಾರಣೆ ಮುಗಿದ ಮೇಲೆ. ಮನೆಯ ಗಂಡಸರೂ ಅದೇ ಕೇಸಿನ ಆರೋಪಿಗಳಾದ್ದರಿಂದ ಅರವತ್ತು ದಾಟಿದ ಅತ್ತೆಗೆ ಜಾಮೀನು ನಿಲ್ಲಬೇಕಾದವರೆಲ್ಲ ಪಕ್ಕದ ಬ್ಯಾರಕ್ಕಿನಲ್ಲೇ ಇರುತ್ತಾರೆ.

ಗಂಡನ ಕೊಲೆ ಆರೋಪ ಹೊತ್ತವಳದು ಇನ್ನೊಂದು ಬಗೆ. ದೂರು ಕೊಟ್ಟವರೇ ಗಂಡನ ಮನೆಯವರು. ಮನೆ, ಜಮೀನು, ರೇಷನ್ ಕಾರ್ಡು, ಮಕ್ಕಳು ಎಲ್ಲವೂ ಆ ಕಡೆಗೆ. ತವರಿನವರು ಮರ್ಯಾದೆಗೆ ಅಂಜಿ ಮೊದಲ ತಿಂಗಳಲ್ಲಿ ಒಮ್ಮೆ ಬಂದರೆ ಹೆಚ್ಚು. ಗಂಡಸು ಜೈಲಿಗೆ ಹೋದರೆ ಹೆಂಡತಿ ವಾರಕ್ಕೊಮ್ಮೆ ಸಂದರ್ಶನದ ಸಾಲಿನಲ್ಲಿ ನಿಲ್ಲುತ್ತಾಳೆ, ವಕೀಲರ ಬಾಗಿಲು ತಟ್ಟುತ್ತಾಳೆ, ತಾಳಿ ಅಡವಿಡುತ್ತಾಳೆ. ಹೆಂಗಸು ಜೈಲಿಗೆ ಹೋದರೆ ಆ ಕೆಲಸಗಳನ್ನು ಮಾಡುವವರು ಯಾರು ಎಂಬ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲಿ ಉತ್ತರವಿಲ್ಲ.

ಗಾಂಜಾ ಕೇಸಿನಲ್ಲಿ ತೂಕವೇ ಎಲ್ಲ. ಒಂದು ಕಿಲೋವರೆಗೆ ಅಲ್ಪ ಪ್ರಮಾಣ. ಅದಕ್ಕಿಂತ ಮೇಲೆ, ಇಪ್ಪತ್ತು ಕಿಲೋಗಿಂತ ಒಳಗಿದ್ದರೆ ಮಧ್ಯಮ. ಆಮೇಲಿನದು ವಾಣಿಜ್ಯ ಪ್ರಮಾಣ: ಕನಿಷ್ಠ ಹತ್ತು ವರ್ಷ ಶಿಕ್ಷೆ, ಒಂದು ಲಕ್ಷ ರೂಪಾಯಿ ದಂಡ. ವಾಣಿಜ್ಯ ಪ್ರಮಾಣವಾದರೆ ಮಾದಕವಸ್ತು ಕಾಯ್ದೆಯ 37ನೇ ಸೆಕ್ಷನ್ ಅಡ್ಡ ಬರುತ್ತದೆ. ಆರೋಪಿ ತಪ್ಪಿತಸ್ಥಳಲ್ಲ ಎಂದು ನಂಬಲು ಕಾರಣವಿದೆ, ಹೊರಬಂದ ಮೇಲೆ ಮತ್ತೆ ತಪ್ಪು ಮಾಡುವುದಿಲ್ಲ ಎಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ ಮಾತ್ರ ಜಾಮೀನು. ಈ ಸೆಕ್ಷನ್ನಿನಲ್ಲಿ ಹೆಂಗಸರಿಗೆ ಪ್ರತ್ಯೇಕ ರಿಯಾಯಿತಿ ಬರೆದಿಲ್ಲ. ಆರೋಪಪಟ್ಟಿ ಸಲ್ಲಿಸಲು ಪೊಲೀಸರಿಗೆ 180 ದಿನ ಸಮಯ. ಆಂಧ್ರ–ಒಡಿಶಾ ಗಡಿಯಿಂದ ರೈಲಿನಲ್ಲೋ ಬಸ್ಸಿನಲ್ಲೋ ಬೆಂಗಳೂರಿಗೆ ಬ್ಯಾಗು ತಂದವಳಿಗೆ ಸಿಗುವುದು ಕೂಲಿ, ಮಾಲಿನ ಒಡೆಯ ಬೇರೆ. ಬ್ಯಾಗಿನಲ್ಲಿ 19 ಕಿಲೋ ಇದ್ದರೆ ಕೆಲವು ತಿಂಗಳಲ್ಲಿ ಹೊರಗೆ, 21 ಕಿಲೋ ಇದ್ದರೆ ಎಷ್ಟು ವರ್ಷವೋ.

ಹಾಗಾಗಿ ಪಂಚನಾಮೆಯ ತೂಕವನ್ನು ಕಣ್ಣಲ್ಲಿ ಕಣ್ಣಿಟ್ಟು ಓದಬೇಕು. ಕಾನೂನಿನ ಪ್ರಕಾರ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜೊತೆಗಿಲ್ಲದ ಬೀಜ, ಎಲೆ ಲೆಕ್ಕಕ್ಕೆ ಬರುವುದಿಲ್ಲ. ಕಾಂಡ, ಎಲೆ, ಚೀಲ ಎಲ್ಲ ಸೇರಿಸಿ 22 ಕಿಲೋ ಎಂದು ಬರೆದಿದ್ದರೆ ಅದು ವಾದಕ್ಕೆ ಮೊದಲ ಅಂಶ. ಇನ್ನೊಂದು: ಹೆಂಗಸಿನ ಮೈ ಶೋಧವನ್ನು ಹೆಂಗಸೇ ಮಾಡಬೇಕು ಎಂದು 50ನೇ ಸೆಕ್ಷನ್ ಹೇಳುತ್ತದೆ, ವಕೀಲರು ಅದನ್ನೇ ಹಿಡಿದು ವಾದಿಸುತ್ತಾರೆ. ಆದರೆ ಕೈಚೀಲ, ಸೂಟ್‌ಕೇಸಿನ ಶೋಧಕ್ಕೆ ಆ ಸೆಕ್ಷನ್ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿಯಾಗಿದೆ. ಮಾಲು ಸಿಕ್ಕಿದ್ದು ಬ್ಯಾಗಿನಲ್ಲಾದರೆ ಆ ವಾದಕ್ಕೆ ಸಮಯ ಹಾಳು ಮಾಡುವುದರಲ್ಲಿ ಅರ್ಥವಿಲ್ಲ.

ಕಳ್ಳತನದ ಕೇಸು ಇವುಗಳಿಗಿಂತ ಹಗುರ. ಆದರೂ ಮನೆಗೆಲಸದವರ ಮೇಲಿನ ದೂರುಗಳಲ್ಲಿ ಜನ ವಾರಗಟ್ಟಲೆ ಒಳಗೆ ಉಳಿಯುತ್ತಾರೆ. ಕೆಲಸದವರು ಯಜಮಾನರ ಸ್ವತ್ತು ಕದ್ದರೆ ಗರಿಷ್ಠ ಏಳು ವರ್ಷ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಏಕೆ ಅಗತ್ಯ ಎಂದು ಪೊಲೀಸರು ಬರಹದಲ್ಲಿ ಕಾರಣ ಕೊಡಬೇಕು, ಇಲ್ಲದಿದ್ದರೆ ನೋಟಿಸು ಕೊಟ್ಟು ಕರೆಸಬೇಕು. ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 2014ರ ತೀರ್ಪು ಇದನ್ನು ಖಡಾಖಂಡಿತವಾಗಿ ಹೇಳಿದೆ. ಮೊದಲ ರಿಮಾಂಡಿನ ದಿನ ಆ ಕಾರಣಗಳ ಪಟ್ಟಿಯನ್ನು ನ್ಯಾಯಾಧೀಶರ ಮುಂದಿಟ್ಟು ಪ್ರಶ್ನಿಸುವ ವಕೀಲರಿದ್ದರೆ ಅರ್ಧ ಕೇಸುಗಳು ಅಲ್ಲೇ ಜೈಲಿನ ದಾರಿ ಬಿಡುತ್ತವೆ ಎಂಬುದು ನಮ್ಮ ಅನಿಸಿಕೆ.

'ಬಿಡಬಹುದು' ಎಂಬಲ್ಲಿ ನಿಂತ ರಿಯಾಯಿತಿ

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480ನೇ ಸೆಕ್ಷನ್, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 437, ಹೀಗೆನ್ನುತ್ತದೆ: ಜೀವಾವಧಿ ಅಥವಾ ಮರಣದಂಡನೆಯ ಅಪರಾಧವಾದರೂ ಆರೋಪಿ ಹೆಂಗಸಾದರೆ, ಮಗುವಾದರೆ, ಕಾಯಿಲೆಯವರಾದರೆ ನ್ಯಾಯಾಲಯ ಜಾಮೀನಿನ ಮೇಲೆ ಬಿಡಬಹುದು. ಬಿಡಲೇಬೇಕು ಎಂದಿಲ್ಲ. ಮೇಲಾಗಿ ಈ ಸೆಕ್ಷನ್ ಬರೆದಿರುವುದು ಮ್ಯಾಜಿಸ್ಟ್ರೇಟರ ಮಟ್ಟಕ್ಕೆ. ಗಂಭೀರ ಕೇಸಾದರೆ ಮ್ಯಾಜಿಸ್ಟ್ರೇಟರು ಅರ್ಜಿ ತಿರಸ್ಕರಿಸಿ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಿ ಎನ್ನುತ್ತಾರೆ; ಅಲ್ಲಿಗೆ ಹೋದ ಮೇಲೆ ಹೆಂಗಸು ಎಂಬುದು ಹತ್ತು ಅಂಶಗಳಲ್ಲಿ ಒಂದು ಅಂಶವಾಗಿ ಉಳಿಯುತ್ತದೆ.

ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಲ್ಲೂ ಇಂಥದೇ ರಿಯಾಯಿತಿ ಇದೆ. ದೆಹಲಿ ಅಬಕಾರಿ ಪ್ರಕರಣದಲ್ಲಿ ತೆಲಂಗಾಣದ ರಾಜಕಾರಣಿ ಕೆ. ಕವಿತಾ ಅವರು ಓದಿದವರು, ಸ್ಥಾನಮಾನವುಳ್ಳವರು, ಹಾಗಾಗಿ ಆ ರಿಯಾಯಿತಿ ಸಲ್ಲದು ಎಂದು ಹೈಕೋರ್ಟ್ ಹೇಳಿತ್ತು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ ಜಾಮೀನು ಕೊಟ್ಟಿತು. ಒಳ್ಳೆಯ ತೀರ್ಪೇ. ಆದರೆ ಯಾವ ಹೆಂಗಸಿನ ಅರ್ಜಿ ಅಲ್ಲಿಯವರೆಗೆ ತಲುಪಿತು ಎಂಬುದನ್ನೂ ಗಮನಿಸಬೇಕು. ಪರಪ್ಪನ ಅಗ್ರಹಾರದ ಮಹಿಳಾ ವಿಭಾಗ ಎಂದರೆ ಕನ್ನಡದ ಟಿವಿ ನೋಡುಗರಿಗೆ ಇವತ್ತಿಗೂ ನೆನಪಾಗುವುದು ಶಶಿಕಲಾ ಅವರ ಸೆರೆವಾಸವೇ. ಪಕ್ಕದ ಕೊಠಡಿಗಳಲ್ಲಿ ಶ್ಯೂರಿಟಿ (ಜಾಮೀನುದಾರರು) ಸಿಗದೆ ಕೂತವರ ಸುದ್ದಿ ಮಾಡಲು ಕ್ಯಾಮೆರಾ ಹೋಗುವುದಿಲ್ಲ.

ಶ್ಯೂರಿಟಿ ಎಂಬ ಎರಡನೆಯ ಬೀಗ

ಜಾಮೀನು ಆದೇಶ ಬಂದಾಕ್ಷಣ ಬಿಡುಗಡೆ ಎಂದು ಹೊರಗಿನವರು ತಿಳಿಯುತ್ತಾರೆ. ನಿಜವಾದ ಓಡಾಟ ಶುರುವಾಗುವುದೇ ಆಗ. ಸಾಮಾನ್ಯ ಆದೇಶ ಹೀಗಿರುತ್ತದೆ: ಇಷ್ಟು ಮೊತ್ತಕ್ಕೆ ಸ್ವಂತ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಒಬ್ಬರೋ ಇಬ್ಬರೋ ಜಾಮೀನುದಾರರು. ಆದೇಶದ ಪ್ರತಿ ಪಡೆಯಬೇಕು. ಜಾಮೀನುದಾರರು ಪಹಣಿ ಅಥವಾ ಮನೆ ಕಂದಾಯದ ರಸೀದಿ, ಆಧಾರ್, ಫೋಟೊ ಹಿಡಿದು ಖುದ್ದು ನ್ಯಾಯಾಲಯಕ್ಕೆ ಬರಬೇಕು. ತಾವು ಬೇರೆ ಎಷ್ಟು ಜನರಿಗೆ ಜಾಮೀನು ನಿಂತಿದ್ದೇವೆ ಎಂದು ಸುರಕ್ಷಾ ಸಂಹಿತೆಯ 486ನೇ ಸೆಕ್ಷನ್ ಪ್ರಕಾರ ಘೋಷಿಸಬೇಕು. ಕಾಗದ ಪರಿಶೀಲನೆ ಮುಗಿದು ನ್ಯಾಯಾಧೀಶರು ಒಪ್ಪಿ ಸಹಿ ಹಾಕಿದ ಮೇಲೆ ಬಿಡುಗಡೆ ಆದೇಶ ಜೈಲಿಗೆ ಹೋಗುತ್ತದೆ. ಸಂಜೆ ಲಾಕಪ್ ಆದ ನಂತರ ತಲುಪಿದರೆ ಬಿಡುಗಡೆ ಮರುದಿನಕ್ಕೆ.

ಎಲ್ಲಿ ಎಡವುತ್ತದೆ? ಜಾಗ ಹಲವು. ಎಫ್‌ಐಆರ್‌ನಲ್ಲಿ ಗಂಡನ ಹೆಸರು ಸೇರಿಸಿ ಬರೆದಿದ್ದಾರೆ, ಆಧಾರ್‌ನಲ್ಲಿ ತಂದೆಯ ಹೆಸರಿದೆ. ಜೈಲಿನ ಕಚೇರಿ ಇವಳೇ ಅವಳೇ ಎಂದು ಕೇಳಿ ವಾಪಸು ಕಳಿಸುತ್ತದೆ. ಇನ್ನೊಂದು ಠಾಣೆಯ ಕೇಸಿನಲ್ಲಿ ಬಾಡಿ ವಾರಂಟು (ಜೈಲಿನಿಂದ ಕರೆತಂದು ಹಾಜರುಪಡಿಸಿ ಎಂಬ ಆದೇಶ) ಬಾಕಿ ಇದೆ, ಅದರಲ್ಲಿ ಬೇರೆ ಜಾಮೀನು ತರಬೇಕು. ಪಹಣಿ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದೆ. ಎಲ್ಲಕ್ಕಿಂತ ದೊಡ್ಡದು, ಅವಳ ಹೆಸರಿನಲ್ಲಿ ತುಂಡು ಭೂಮಿಯೂ ಇಲ್ಲ, ಭೂಮಿ ಇರುವ ಗಂಡಸರು ಅವಳಿಗಾಗಿ ಕಾಗದ ಕೊಡಲು ತಯಾರಿಲ್ಲ. ಕಲಬುರಗಿಯಿಂದಲೋ ಪಶ್ಚಿಮ ಬಂಗಾಳದಿಂದಲೋ ದುಡಿಯಲು ಬೆಂಗಳೂರಿಗೆ ಬಂದವಳಿಗೆ ಸ್ಥಳೀಯ ಶ್ಯೂರಿಟಿ ತಾ ಎಂದರೆ ಅವಳು ತರುವುದು ನ್ಯಾಯಾಲಯದ ಆವರಣದಲ್ಲಿ ದುಡ್ಡಿಗೆ ನಿಲ್ಲುವ ಬಾಡಿಗೆ ಜಾಮೀನುದಾರರನ್ನು. ಅದು ಸಿಕ್ಕಿಬಿದ್ದರೆ ಹೊಸ ಕೇಸು.

ಇದೇನೂ ಹೊಸ ಪತ್ತೆಯಲ್ಲ. 1978ರ ಮೋತಿರಾಂ ಪ್ರಕರಣದಲ್ಲಿ ಒಬ್ಬ ಗಾರೆ ಕೆಲಸದವನಿಗೆ 10,000 ರೂಪಾಯಿ ಶ್ಯೂರಿಟಿ ಕೇಳಿ, ಅಣ್ಣ ಬೇರೆ ಜಿಲ್ಲೆಯವನು ಎಂದು ತಿರಸ್ಕರಿಸಿದ್ದನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕಟುವಾಗಿ ಟೀಕಿಸಿದ್ದರು. ಮರುವರ್ಷದ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಜೈಲುಗಳಲ್ಲಿ ಆರೋಪಿಯೇ ಅಲ್ಲದ ಹೆಂಗಸರು, ಸಾಕ್ಷಿಗಳೆಂದೂ ಸಂತ್ರಸ್ತರೆಂದೂ 'ರಕ್ಷಣೆ'ಯ ಹೆಸರಲ್ಲಿ, ವರ್ಷಗಟ್ಟಲೆ ಇದ್ದದ್ದು ಬಯಲಾಯಿತು. ಆದರೂ 2023ರ ಆರಂಭದಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಲೆಕ್ಕ ಹಾಕಿದಾಗ ಜಾಮೀನು ಸಿಕ್ಕಿಯೂ ಒಳಗೇ ಉಳಿದವರು ದೇಶದಲ್ಲಿ ಸುಮಾರು 5,000 ಜನ.

ಆ ಲೆಕ್ಕದ ಹಿನ್ನೆಲೆಯಲ್ಲೇ 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳು ಕೈದಿಯ ಮನೆಯವರಿಗೆ ಗೊತ್ತಿರಲೇಬೇಕು. ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಇಮೇಲ್ ಮೂಲಕ ಜೈಲು ಅಧೀಕ್ಷಕರಿಗೆ ಕಳಿಸಬೇಕು, ಜಾಮೀನಿನ ದಿನಾಂಕವನ್ನು ಇ–ಪ್ರಿಸನ್ಸ್ ತಂತ್ರಾಂಶದಲ್ಲಿ ನಮೂದಿಸಬೇಕು. ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಕಾರ್ಯದರ್ಶಿ ಆಕೆಯ ಆರ್ಥಿಕ ಸ್ಥಿತಿಯ ವರದಿ ತರಿಸಿ, ಷರತ್ತು ಸಡಿಲಿಸಲು ಅದನ್ನು ನ್ಯಾಯಾಲಯದ ಮುಂದಿಡಬಹುದು. ಹೊರಬಂದು ಶ್ಯೂರಿಟಿ ಹೊಂದಿಸುತ್ತೇನೆ ಎಂದರೆ ತಾತ್ಕಾಲಿಕ ಜಾಮೀನು ಪರಿಗಣಿಸಬಹುದು. ಒಂದು ತಿಂಗಳಾದರೂ ಮುಚ್ಚಳಿಕೆ ಬರದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಬದಲಾಯಿಸುವುದನ್ನು ನೋಡಬೇಕು. ಬಿಡುಗಡೆ ತಡವಾಗುವುದಕ್ಕೆ ಸ್ಥಳೀಯ ಶ್ಯೂರಿಟಿಯೇ ಒಂದು ಕಾರಣ, ಅಂಥ ಷರತ್ತು ಹಾಕದಿರುವುದು ಒಳಿತು ಎಂದೂ ಕೋರ್ಟ್ ಹೇಳಿದೆ. ಇದರ ಜೊತೆಗೆ ಎರಡು ಹಳೆಯ ದಾರಿಗಳಿವೆ: ಶ್ಯೂರಿಟಿಗೆ ಬದಲಾಗಿ ನಗದು ಠೇವಣಿ ಇಡಲು 490ನೇ ಸೆಕ್ಷನ್, ಮೊತ್ತ ಜಾಸ್ತಿಯಾಯಿತು ಎಂದು ಇಳಿಸಿಕೊಳ್ಳಲು 484ನೇ ಸೆಕ್ಷನ್. ಎರಡನ್ನೂ ಒಂದೇ ಅರ್ಜಿಯಲ್ಲಿ ಪರ್ಯಾಯವಾಗಿ ಕೇಳಿಕೊಳ್ಳುವುದು ಜಾಣತನ.

ನಗದು ಇಲ್ಲದವರಿಗೆ ಕೇಂದ್ರ ಗೃಹ ಸಚಿವಾಲಯ 2023ರಲ್ಲಿ ಬಡ ಕೈದಿಗಳ ನೆರವಿನ ಯೋಜನೆ ತಂದಿತು. ಆಗ ನಿಗದಿಯಾಗಿದ್ದ ಮಿತಿ ವಿಚಾರಣಾ ಬಂದಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಸಜಾ ಬಂದಿಗೆ 25,000 ರೂಪಾಯಿವರೆಗೆ. ಜಿಲ್ಲಾಧಿಕಾರಿ, ಎಸ್‌ಪಿ, ಪ್ರಾಧಿಕಾರದ ಕಾರ್ಯದರ್ಶಿ, ಜೈಲು ಅಧೀಕ್ಷಕರು ಇರುವ ಜಿಲ್ಲಾ ಸಮಿತಿ ಮಂಜೂರು ಮಾಡುತ್ತದೆ. ಮಾದಕವಸ್ತು ಕಾಯ್ದೆ, ಹಣ ವರ್ಗಾವಣೆ, ಭ್ರಷ್ಟಾಚಾರ ತಡೆ, ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಕೇಸುಗಳನ್ನು ಹೊರಗಿಟ್ಟಿದೆ. ಹೆಂಗಸರ ಮಟ್ಟಿಗೆ ಇದು ದೊಡ್ಡ ಕನ್ನ, ಏಕೆಂದರೆ ದುಡ್ಡಿಲ್ಲದೆ ಒಳಗೆ ಉಳಿಯುವವರಲ್ಲಿ ಗಾಂಜಾ ಬ್ಯಾಗು ಹೊತ್ತವರೂ ಸೇರುತ್ತಾರೆ.

ಮೂರನೇ ಒಂದು, ಅರ್ಧ

ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ನಿನ ಲೆಕ್ಕ ಸರಳ. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ವಿಚಾರಣಾಧೀನರಾಗಿ ಕಳೆದರೆ ಬಿಡುಗಡೆ. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗಿಲ್ಲದಿದ್ದರೆ ಮೂರನೇ ಒಂದರಷ್ಟು ಸಾಕು. ಮೂರು ವರ್ಷದ ಸಾದಾ ಕಳ್ಳತನಕ್ಕೆ ಒಂದು ವರ್ಷ. ಏಳು ವರ್ಷದ ಮನೆಗೆಲಸದವರ ಕಳ್ಳತನಕ್ಕೆ ಎರಡು ವರ್ಷ ನಾಲ್ಕು ತಿಂಗಳು. ಅರ್ಜಿ ಹಾಕುವ ಹೊಣೆ ಜೈಲು ಅಧೀಕ್ಷಕರದ್ದು. ಹೊಸ ಸಂಹಿತೆ 2024ರ ಜುಲೈ 1ಕ್ಕೆ ಜಾರಿಯಾದರೂ ಅದಕ್ಕೂ ಮುಂಚಿನ ಕೇಸುಗಳಿಗೂ ಇದು ಅನ್ವಯಿಸುತ್ತದೆ ಎಂದು ಅದೇ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಕೊಕ್ಕೆ ಎರಡು ಕಡೆ ಇದೆ. ಜೀವಾವಧಿ ಅಥವಾ ಮರಣದಂಡನೆ ಇರುವ ಅಪರಾಧಕ್ಕೆ ಇದು ಸಲ್ಲದು, ಅಂದರೆ ಕೊಲೆ ಮತ್ತು ವರದಕ್ಷಿಣೆ ಸಾವು ಎರಡೂ ಹೊರಗೆ. ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೂ ಸಲ್ಲದು. ಹೆಂಗಸರ ಬ್ಯಾರಕ್ಕಿನಲ್ಲಿ ಅತಿ ಹೆಚ್ಚು ಕಾಲ ಕಾಯುವವರು ಯಾರೋ ಅವರಿಗೇ ಇದು ದಕ್ಕದು.

ಗಂಡಸರ ಜೈಲಿನೊಳಗೊಂದು ಹೆಂಗಸರ ಗೋಡೆ

ಹೆಂಗಸರನ್ನು ಗಂಡಸರಿಂದ ಬೇರೆ ಇಡಬೇಕು, ಮಾತೂ ನೋಟವೂ ತಾಗಬಾರದು ಎಂದು 1894ರ ಜೈಲು ಕಾಯ್ದೆ ಹೇಳಿತು. ಅದನ್ನು ಪಾಲಿಸುವ ಅಗ್ಗದ ಉಪಾಯವೆಂದರೆ ಗಂಡಸರ ಜೈಲಿನ ಮೂಲೆಯಲ್ಲಿ ಗೋಡೆ ಎಬ್ಬಿಸುವುದು. 2015ರಲ್ಲಿ ದೇಶದ 1,401 ಜೈಲುಗಳಲ್ಲಿ ಹೆಂಗಸರಿಗೆಂದೇ ಇದ್ದವು 18. ಅವುಗಳಲ್ಲಿ ಇದ್ದವರು 2,985 ಜನ, ಆರರಲ್ಲಿ ಒಬ್ಬರಷ್ಟು. 2021ಕ್ಕೆ ಅಂಥ ಜೈಲುಗಳು 32 ಆದವು. ಮಿಕ್ಕವರೆಲ್ಲ ಗೋಡೆಯ ಒಳಗೆ. ಗ್ರಂಥಾಲಯ, ಕಾರ್ಖಾನೆ, ಆಸ್ಪತ್ರೆ, ಕಚೇರಿ ಎಲ್ಲ ಗೋಡೆಯ ಆಚೆ. ಆಚೆ ಹೋಗಬೇಕಾದರೆ ಮಹಿಳಾ ಸಿಬ್ಬಂದಿ ಜೊತೆಗಿರಬೇಕು, ಆ ಸಿಬ್ಬಂದಿಯೇ ಕಡಿಮೆ. ಹಾಗಾಗಿ ಗಂಡಸರು ಬಡಗಿ ಕೆಲಸ, ಮುದ್ರಣ, ಬೇಕರಿಯಲ್ಲಿ ಕೂಲಿ ದುಡಿಯುವಾಗ ಹೆಂಗಸರಿಗೆ ಹೊಲಿಗೆ, ಕಸೂತಿ, ಊದುಬತ್ತಿ. ದುಡಿಮೆ ಕಡಿಮೆಯಾದರೆ ಕ್ಯಾಂಟೀನಿನಲ್ಲಿ ಸೋಪು ಕೊಳ್ಳುವ, ಮನೆಗೆ ಫೋನ್ ಮಾಡುವ ಶಕ್ತಿಯೂ ಕಡಿಮೆ.

ತಾಲ್ಲೂಕಿನ ಸಣ್ಣ ಜೈಲಿನಲ್ಲಿ ಹೆಂಗಸರಿಗೆ ಜಾಗ ಇಲ್ಲದಿದ್ದರೆ ಅವಳನ್ನು ಜಿಲ್ಲೆಯ ಅಥವಾ ಇನ್ನೂ ದೂರದ ಕೇಂದ್ರ ಕಾರಾಗೃಹಕ್ಕೆ ಕಳಿಸುತ್ತಾರೆ. ಒಂದೇ ಕೇಸಿನ ಗಂಡ ಊರ ಪಕ್ಕದ ಜೈಲಿನಲ್ಲಿ, ಹೆಂಡತಿ ನೂರು ಕಿಲೋಮೀಟರ್ ಆಚೆ. ವಿಚಾರಣೆಯ ದಿನ ಎಸ್ಕಾರ್ಟಿಗೆ ಮಹಿಳಾ ಕಾನ್‌ಸ್ಟೆಬಲ್ ಸಿಗದಿದ್ದರೆ ಅವಳ ಹಾಜರಿ ಇಲ್ಲ, ಕೇಸು ಮುಂದಕ್ಕೆ. ವಿಡಿಯೊ ಹಾಜರಿ ರಿಮಾಂಡು ವಿಸ್ತರಿಸಲು ಸಾಕು, ಸಾಕ್ಷಿ ವಿಚಾರಣೆ ಅದರಿಂದ ಮುಂದುವರಿಯುವುದು ಕಡಿಮೆ. ವಕೀಲರಿಗೂ ಅಷ್ಟು ದೂರ ಬಂದು ಕಕ್ಷಿದಾರಳ ಮಾತು ಕೇಳುವ ಪುರುಸೊತ್ತು ಇರುವುದಿಲ್ಲ.

ಸುಪ್ರೀಂ ಕೋರ್ಟ್ 2018ರಲ್ಲಿ ನೇಮಿಸಿದ ನ್ಯಾಯಮೂರ್ತಿ ಅಮಿತಾವ ರಾಯ್ ಸಮಿತಿ ಎರಡು ಸಂಗತಿಗಳನ್ನು ದಾಖಲಿಸಿದೆ. ಸ್ಯಾನಿಟರಿ ಪ್ಯಾಡ್ ಒದಗಿಸುವ ಜೈಲುಗಳು ಶೇ 40ಕ್ಕಿಂತ ಕಡಿಮೆ. ನಡುವೆ ಸರಳಾಗಲಿ ಗಾಜಾಗಲಿ ಇಲ್ಲದೆ ತಾಯಿ ತನ್ನ ಮಕ್ಕಳನ್ನು ಭೇಟಿಯಾಗಬಹುದಾದದ್ದು ಗೋವಾ, ದೆಹಲಿ, ಪುದುಚೇರಿಯಲ್ಲಿ ಮಾತ್ರ. ಪ್ಯಾಡ್ ಕೊಡುವ ಕಡೆಯೂ ತಿಂಗಳಿಗೆ ಇಷ್ಟು ಎಂದು ಎಣಿಸಿ ಕೊಟ್ಟರೆ ಹೆಚ್ಚು ರಕ್ತಸ್ರಾವ ಇರುವವರು ಉಳಿದವರ ಬಳಿ ಬೇಡಬೇಕಾಗುತ್ತದೆ. ಕೇಳಿದಷ್ಟು ಕೊಡಿ ಎಂಬುದು ಖರ್ಚಿನ ಮಾತೇ ಅಲ್ಲ.

ಮಕ್ಕಳು

2022ರ ಕೊನೆಗೆ 1,537 ತಾಯಂದಿರ ಜೊತೆ 1,764 ಮಕ್ಕಳು ಜೈಲಿನಲ್ಲಿದ್ದರು. ಇವರ ಬಗ್ಗೆ ಸುಪ್ರೀಂ ಕೋರ್ಟಿನ 2006ರ ಆರ್.ಡಿ. ಉಪಾಧ್ಯಾಯ ತೀರ್ಪೇ ಇವತ್ತಿಗೂ ಆಧಾರ. ಆರು ವರ್ಷದವರೆಗೆ ಮಗು ತಾಯಿಯ ಜೊತೆ ಇರಬಹುದು. ಮೂರರೊಳಗಿನವರಿಗೆ ಶಿಶುಪಾಲನಾ ಕೇಂದ್ರ, ಮೂರರಿಂದ ಆರರವರಿಗೆ ನರ್ಸರಿ. ಮಗುವಿಗೆ ತಾಯಿಯ ಪಾಲಿನಿಂದ ಹಂಚಿ ಕೊಡುವಂತಿಲ್ಲ, ವಯಸ್ಸಿಗೆ ತಕ್ಕ ಪ್ರತ್ಯೇಕ ಆಹಾರ. ಆದಷ್ಟೂ ಹೆರಿಗೆ ಹೊರಗಿನ ಆಸ್ಪತ್ರೆಯಲ್ಲಿ ಆಗಬೇಕು. ಒಳಗೇ ಆದರೂ ಜನನ ಪ್ರಮಾಣಪತ್ರದಲ್ಲಿ ಜೈಲಿನ ಹೆಸರು ಬರಕೂಡದು, ಊರಿನ ವಿಳಾಸ ಮಾತ್ರ. ಆರು ತುಂಬಿದ ಮಗುವನ್ನು ತಾಯಿ ಒಪ್ಪಿದ ಬಂಧುಗಳಿಗೋ ಇಲಾಖೆಯ ಪಾಲನಾ ಸಂಸ್ಥೆಗೋ ಒಪ್ಪಿಸಿ, ವಾರಕ್ಕೊಮ್ಮೆಯಾದರೂ ಭೇಟಿ ಮಾಡಿಸಬೇಕು.

ಈ 1,764 ಎನ್ನುವುದು ಚಿಕ್ಕ ಸಂಖ್ಯೆ. ಮಹಿಳಾ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು 18ರಿಂದ 50ರ ವಯಸ್ಸಿನವರು. ಅವರ ಮಿಕ್ಕ ಮಕ್ಕಳು ಹೊರಗಿದ್ದಾರೆ, ಅಜ್ಜಿಯ ಮನೆಯಲ್ಲಿ, ಚಿಕ್ಕಪ್ಪನ ಮನೆಯಲ್ಲಿ, ಹಾಸ್ಟೆಲಿನಲ್ಲಿ. ಜೈಲಿಗೆ ಸೇರಿಸಿಕೊಳ್ಳುವ ಹೊತ್ತಿನಲ್ಲಿ ಮನೆಯಲ್ಲಿ ಮಕ್ಕಳಿದ್ದಾರೆಯೇ, ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ ಬರೆದುಕೊಳ್ಳಬೇಕು, ವ್ಯವಸ್ಥೆ ಮಾಡಿಕೊಳ್ಳಲು ತಾಯಿಗೆ ಸಮಯ ಕೊಡಬೇಕು ಎನ್ನುವುದು ಮಹಿಳಾ ಕೈದಿಗಳ ಬಗ್ಗೆ ವಿಶ್ವಸಂಸ್ಥೆಯ 2010ರ ಬ್ಯಾಂಕಾಕ್ ನಿಯಮಗಳ ಎರಡನೇ, ಮೂರನೇ ನಿಯಮಗಳಲ್ಲೇ ಇದೆ. ರಿಮಾಂಡ್ ಅರ್ಜಿಯಲ್ಲಿ ಇದಕ್ಕೊಂದು ಸಾಲು ಸೇರಿಸಲು ಹೊಸ ಕಾನೂನು ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ತೀರ್ಪಿನ ದಿನಕ್ಕೂ ಕಾನೂನಿನಲ್ಲಿ ಒಂದು ಅವಕಾಶ ಇದೆ, ಬಳಕೆ ಕಡಿಮೆ. ಸುರಕ್ಷಾ ಸಂಹಿತೆಯ 401ನೇ ಸೆಕ್ಷನ್ ಪ್ರಕಾರ, ಜೀವಾವಧಿ ಅಥವಾ ಮರಣದಂಡನೆ ಇಲ್ಲದ ಅಪರಾಧದಲ್ಲಿ ಮೊದಲ ಬಾರಿ ದೋಷಿಯಾದ ಹೆಂಗಸು ಯಾವ ವಯಸ್ಸಿನವಳೇ ಆಗಿರಲಿ, ಜೈಲಿಗೆ ಕಳಿಸುವ ಬದಲು ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಬಹುದು. ಗಂಡಸರಿಗಾದರೆ ಇಷ್ಟು ವಿಶಾಲವಾಗಿ ಇಲ್ಲ. ವಕೀಲರು ಕೇಳಬೇಕು, ಕೇಳದಿದ್ದರೆ ಬಹುಪಾಲು ಸಿಗುವುದಿಲ್ಲ.

ಬಂಧನದ ದಿನ ಏನು ನೋಡಬೇಕು?

ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಹೆಂಗಸನ್ನು ಬಂಧಿಸುವಂತಿಲ್ಲ. ಅನಿವಾರ್ಯವಾದರೆ ಮಹಿಳಾ ಪೊಲೀಸ್ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿಯನ್ನು ಮೊದಲೇ ಬರಹದಲ್ಲಿ ಕೇಳಿ ಪಡೆದಿರಬೇಕು. ಬಂಧನದ ಮೆಮೊದಲ್ಲಿ ಬರೆದ ಗಂಟೆಯನ್ನು ಠಾಣೆಗೆ ಕರೆದೊಯ್ದ ನಿಜವಾದ ಗಂಟೆಯ ಜೊತೆ ತಾಳೆ ನೋಡಿ. ಮಧ್ಯಾಹ್ನ ಕರೆದೊಯ್ದು ಮರುದಿನ ಬೆಳಿಗ್ಗೆ ಬಂಧಿಸಿದೆವು ಎಂದು ಬರೆಯುವುದು ಅಪರೂಪವೇನಲ್ಲ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅಲ್ಲಿ ವಕೀಲರಿಲ್ಲದಿದ್ದರೆ ಉಚಿತ ವಕೀಲರು ಬೇಕು ಎಂದು ಆಕೆಯೇ ಹೇಳಬಹುದು. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸಿಗೆ ಆದಾಯದ ಮಿತಿಯೇ ಇಲ್ಲ. ಆದಾಯ ಪ್ರಮಾಣಪತ್ರ ತನ್ನಿ ಎಂದು ಯಾರಾದರೂ ಕೇಳಿದರೆ ಅದು ತಪ್ಪು. ಸಹಾಯವಾಣಿ 15100.

60 ಅಥವಾ 90 ದಿನದಲ್ಲಿ, ಮಾದಕವಸ್ತುವಿನ ವಾಣಿಜ್ಯ ಪ್ರಮಾಣದ ಕೇಸಾದರೆ 180 ದಿನದಲ್ಲಿ, ಆರೋಪಪಟ್ಟಿ ಬರದಿದ್ದರೆ ಜಾಮೀನು ಹಕ್ಕಾಗುತ್ತದೆ. ದಿನ ಎಣಿಸಬೇಕಾದದ್ದು ಮೊದಲ ರಿಮಾಂಡಿನಿಂದ. ಅವಧಿ ಮುಗಿದ ಮರುದಿನ ಬೆಳಿಗ್ಗೆಯೇ ಅರ್ಜಿ ಹಾಕಬೇಕು, ಏಕೆಂದರೆ ಅರ್ಜಿಗಿಂತ ಮೊದಲು ಆರೋಪಪಟ್ಟಿ ನ್ಯಾಯಾಲಯ ಸೇರಿದರೆ ಆ ಹಕ್ಕು ಹೋಯಿತು.